ಪಾರ್ಲೀಸ್ ಕಣಿವೆಯ ಸುಂಕದ ರಸ್ತೆ: ಕಡಿಸಿದ್ದು ಯಾರು, ಕಟ್ಟಿದ್ದು ಎಷ್ಟು, ಬಿದ್ದುಹೋದದ್ದು ಏಕೆ?

ಪ್ರಶ್ನೆ: ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ಪಾರ್ಕ್ ಸಿಟಿ ಕಡೆಗೆ ಹೋಗುವಾಗ 80ನೇ ಹೆದ್ದಾರಿ ಪಾರ್ಲೀಸ್ ಕಣಿವೆಯೊಳಗೆ ಹತ್ತುತ್ತದೆ. ಈ ದಾರಿಯನ್ನು ಮೊದಲು ಒಬ್ಬ ಮಾರ್ಮನ್ ಧರ್ಮಗುರು ತಾನೇ ಕಡಿಸಿ, ಗಾಡಿಗೆ ಇಷ್ಟು ಎಂದು ಸುಂಕ ವಸೂಲಿ ಮಾಡುತ್ತಿದ್ದರಂತೆ ಎಂದು ಅಳಿಯ ಹೇಳಿದರು. ಇದು ನಿಜವೇ? ಪುಕ್ಕಟೆ ದಾರಿ ಇದ್ದೂ ಜನ ದುಡ್ಡು ಕೊಟ್ಟು ಈ ದಾರಿಯಲ್ಲಿ ಏಕೆ ಹೋದರು? ಆ ಧರ್ಮಗುರುವಿಗೆ ಲಾಭವಾಯಿತೇ? ಈಗ ನೋಡಲು ಏನಾದರೂ ಉಳಿದಿದೆಯೇ?

ಉತ್ತರ: ನಿಮ್ಮ ಅಳಿಯ ಹೇಳಿದ್ದು ನಿಜ. ಅವರ ಹೆಸರು ಪಾರ್ಲಿ ಪಿ. ಪ್ರಾಟ್. ಅಮೆರಿಕದಲ್ಲೇ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ಸಭೆಯ ಹಿರಿಯ ನಾಯಕರಲ್ಲಿ ಒಬ್ಬರು; 1847ರಲ್ಲಿ ಸಾಲ್ಟ್ ಲೇಕ್ ಬಯಲಿಗೆ ಬಂದವರು. ಆಗ 'ಬಿಗ್ ಕಣಿವೆ' ಎನ್ನುತ್ತಿದ್ದ ಈ ಕಂದರದಲ್ಲಿ ಅವರು ಕಡಿಸಿದ ರಸ್ತೆ 1850ರ ಜುಲೈ 4ರಂದು ಗಾಡಿಗಳಿಗೆ ತೆರೆಯಿತು. ಅದಕ್ಕೆ ಇಟ್ಟ ಹೆಸರು 'ಗೋಲ್ಡನ್ ಪಾಸ್'. ಕ್ಯಾಲಿಫೋರ್ನಿಯಾದ ಚಿನ್ನಕ್ಕೆ ಓಡುತ್ತಿದ್ದವರ ಕಣ್ಣಿಗೆ ಬೀಳಲೆಂದೇ ಇಟ್ಟ ಹೆಸರು ಅದು. ಕಣಿವೆಯಲ್ಲಿ ಚಿನ್ನವೇನೂ ಇರಲಿಲ್ಲ. ಮೊದಲ ಹಂಗಾಮಿನಲ್ಲಿ ಸುಮಾರು 1,500 ಡಾಲರ್ ಸುಂಕ ಬಂತು. ಮರುವರ್ಷದ ಆರಂಭದಲ್ಲೇ ಪ್ರಾಟ್ ರಸ್ತೆಯ ಹಕ್ಕು ಮಾರಿ ಧರ್ಮಪ್ರಚಾರಕ್ಕೆ ಹೊರಟರು.

ಈ ಕಥೆಯನ್ನು ಸಾಮಾನ್ಯವಾಗಿ 'ಕಲ್ಲು ಕಡಿದು ದಾರಿ ಮಾಡಿದ ಸಾಹಸ' ಎಂದು ಹೇಳುತ್ತಾರೆ. ಸಾಹಸ ಹೌದು, ಆದರೆ ಅಸಲು ವಿಷಯ ಅದಲ್ಲ. ಕಣಿವೆ ರಸ್ತೆಯಲ್ಲಿ ಕಡಿಯುವ ಖರ್ಚು ಒಂದು ಸಲದ್ದು. ಉಳಿಸಿಕೊಳ್ಳುವ ಖರ್ಚು ಪ್ರತಿವರ್ಷದ್ದು. ಸುಂಕ ಕಟ್ಟುವವರು ನಿಂತ ದಿನ ರಸ್ತೆಯೂ ನಿಲ್ಲುತ್ತದೆ. ಪ್ರಾಟ್ ಅವರ ಲೆಕ್ಕ ಏಕೆ ಕೂಡಿಬರಲಿಲ್ಲ ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ.

ಮೊದಲು ಪುಕ್ಕಟೆ ದಾರಿಯ ವಿಷಯ. ಪೂರ್ವದಿಂದ ಬರುವ ಗಾಡಿಗಳು ಎಕೋ ಕಣಿವೆ ಇಳಿದು ವೀಬರ್ ನದಿಗೆ ತಲುಪುತ್ತಿದ್ದವು. ಅಲ್ಲಿಂದ ನದಿಯ ಜೊತೆಗೇ ಕೆಳಗೆ, ಈಗಿನ ಹೆನೆಫರ್ ಊರಿನ ತನಕ ಹೋಗಿ, ನದಿ ಬಿಟ್ಟು ಈಸ್ಟ್ ಕಣಿವೆಗೆ ತಿರುಗಬೇಕು. ಆಮೇಲೆ ಸುಮಾರು 7,400 ಅಡಿ ಎತ್ತರದ ಬಿಗ್ ಮೌಂಟನ್ ಹತ್ತಬೇಕು, ಇಳಿಯಬೇಕು. ಮತ್ತೆ ಸುಮಾರು 6,200 ಅಡಿಯ ಲಿಟಲ್ ಮೌಂಟನ್ ಹತ್ತಬೇಕು, ಇಳಿಯಬೇಕು. ಕೊನೆಗೆ ಎಮಿಗ್ರೇಶನ್ ಕಣಿವೆಯೊಳಗೆ ನುಸುಳಿ ಬಯಲಿಗೆ ಬರಬೇಕು. 1847ರಲ್ಲಿ ದಾರಿಯುದ್ದಕ್ಕೂ ಅಳೆದು ಬರೆದಿಟ್ಟ ವಿಲಿಯಂ ಕ್ಲೇಟನ್ ಅವರ ಲೆಕ್ಕದಲ್ಲಿ ಈಸ್ಟ್ ಕಣಿವೆಯ ಹಳ್ಳವನ್ನು 13 ಸಲ, ಎಮಿಗ್ರೇಶನ್ ಕಣಿವೆಯ ಹಳ್ಳವನ್ನು 19 ಸಲ ದಾಟಬೇಕಿತ್ತು. (ಅವರು ಅಳೆದ ಬಗೆ ಸರಳ: ಗಾಡಿಯ ಚಕ್ರದ ಸುತ್ತಳತೆ 14 ಅಡಿ 8 ಅಂಗುಲ. ಅದು 360 ಸುತ್ತು ತಿರುಗಿದರೆ ಸರಿಯಾಗಿ ಒಂದು ಮೈಲಿ. ಮೊದಲು ಸುತ್ತುಗಳನ್ನು ಕಣ್ಣಲ್ಲೇ ಎಣಿಸಿ ಬೇಸತ್ತು, ಆಮೇಲೆ ಮರದ ಹಲ್ಲುಚಕ್ರದ ಯಂತ್ರ ಮಾಡಿಸಿ ಗಾಡಿಗೆ ಕಟ್ಟಿಸಿದರು.)

ಆ ದಾರಿಯನ್ನು ಗಾಡಿಗೆಂದು ಮೊದಲು ಕಡಿದದ್ದು ಮಾರ್ಮನ್ನರೂ ಅಲ್ಲ. 1846ರ ಆಗಸ್ಟಿನಲ್ಲಿ, ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಡಾನರ್ ಮತ್ತು ರೀಡ್ ಕುಟುಂಬಗಳ ತಂಡ ಇಲ್ಲಿ ಪೊದೆ, ವಿಲೋ, ಮರ ಕಡಿಯುತ್ತ ಸುಮಾರು 36 ಮೈಲಿಗೆ ಎರಡು ವಾರದಷ್ಟು ಕಾಲ ಕಳೆಯಿತು. ಕಣಿವೆಯ ಬಾಯಿಗೆ ಬರುವಾಗ ಕೊಡಲಿ ಹಿಡಿದವರಿಗೆ ಎಷ್ಟು ಸಾಕಾಗಿತ್ತೆಂದರೆ, ಕೊನೆಯ ಪೊದೆಗಳನ್ನು ಕಡಿಯುವ ಬದಲು ಪಕ್ಕದ ಕಡಿದಾದ ದಿಬ್ಬದ ಮೇಲೆಯೇ ಗಾಡಿಗಳನ್ನು ಎಳೆಸಿದರು. ಒಂದೊಂದು ಗಾಡಿಗೂ ಇದ್ದಬದ್ದ ಎತ್ತುಗಳನ್ನೆಲ್ಲ ಕಟ್ಟಬೇಕಾಯಿತು. ಮರುವರ್ಷ ಮಾರ್ಮನ್ನರ ಮುಂಗಡ ತಂಡ ಅದೇ ಪೊದೆಗಳನ್ನು ಸುಮಾರು ನಾಲ್ಕು ಗಂಟೆಯಲ್ಲಿ ಕಡಿದು ದಿಬ್ಬವನ್ನು ತಪ್ಪಿಸಿತು. ಡಾನರ್ ತಂಡಕ್ಕೆ ಇಲ್ಲಿ ಕಳೆದ ದಿನಗಳು ಆಮೇಲೆ ಸಿಯೆರಾ ನೆವಾಡಾದ ಹಿಮದಲ್ಲಿ ಜೀವಕ್ಕೇ ಎರವಾದವು. ಕಣಿವೆ ದಾರಿಯಲ್ಲಿ ದಿನಗಳಿಗೆ ಎಂಥ ಬೆಲೆಯಿದೆ ಎಂಬುದು 1850ರ ವಲಸಿಗರಿಗೆಲ್ಲ ಗೊತ್ತಿದ್ದ ಮಾತು. ಸುಂಕ ಕೇಳುವವನಿಗೆ ಇದಕ್ಕಿಂತ ದೊಡ್ಡ ಸಹಾಯ ಬೇಕಿರಲಿಲ್ಲ.

1848ರ ಬೇಸಿಗೆಯಲ್ಲಿ ಪ್ರಾಟ್ ಬಿಗ್ ಕಣಿವೆಯನ್ನು ಹತ್ತಿ ನೋಡಿದರು. ಮೇಲೆ ವಿಶಾಲವಾದ ಹುಲ್ಲುಗಾವಲು ಸಿಕ್ಕಿತು. ಅದಕ್ಕೆ ಪಾರ್ಲೀಸ್ ಪಾರ್ಕ್ ಎಂಬ ಹೆಸರು ಬಂತು. ಈಗ ಕಿಂಬಲ್ ಜಂಕ್ಷನ್ ಇರುವ ಬಯಲು ಅದೇ. ಅವರು ಯೋಚಿಸಿದ ಹೊಸ ದಾರಿ ಹೀಗೆ: ಎಕೋ ಕಣಿವೆ ಇಳಿದು ವೀಬರ್ ಸೇರಿದ ಮೇಲೆ ಕೆಳಗೆ ಹೋಗದೆ, ನದಿಯ ಎದುರಿಗೆ, ಅಂದರೆ ದಕ್ಷಿಣಕ್ಕೆ ಹದಿನೈದು ಮೈಲಿಯಷ್ಟು ಹೋಗುವುದು, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಸಿಲ್ವರ್ ಕ್ರೀಕ್ ಕಡೆಯಿಂದ ಪಾರ್ಲೀಸ್ ಪಾರ್ಕ್ ಸೇರುವುದು, ಒಂದು ಶಿಖರ ದಾಟಿ ಬಿಗ್ ಕಣಿವೆಯಲ್ಲಿ ಇಳಿದುಬಿಡುವುದು. ವೀಬರ್‌ನಿಂದ ಸಾಲ್ಟ್ ಲೇಕ್ ಬಯಲಿಗೆ ಒಟ್ಟು ಸುಮಾರು 40 ಮೈಲಿ ಎಂದು ಅವರೇ ಪ್ರಕಟಿಸಿದ್ದರು.

ಈ ದಾರಿಯ ಜಾಣತನ ದೂರದಲ್ಲಿಲ್ಲ, ಎತ್ತರದಲ್ಲಿದೆ. ಪಾರ್ಲೀಸ್ ಪಾರ್ಕಿನ ನೆಲವೇ ಸುಮಾರು 6,400 ಅಡಿ ಎತ್ತರದಲ್ಲಿದೆ. ಶಿಖರ ಸುಮಾರು 7,100 ಅಡಿ. ಹುಲ್ಲುಗಾವಲಿನಲ್ಲಿ ಎತ್ತುಗಳನ್ನು ಮೇಯಿಸಿ, ಸುಧಾರಿಸಿ, 700 ಅಡಿ ಹತ್ತಿದರೆ ಮುಗಿಯಿತು, ಮುಂದೆಲ್ಲ ಇಳಿತ. ಕಣಿವೆಯ ಬಾಯಿಯ ತನಕ ಹನ್ನೆರಡು ಮೈಲಿಯಲ್ಲಿ ಇಳಿಯುವುದು ಸುಮಾರು 2,300 ಅಡಿ, ಅಂದರೆ ಸರಾಸರಿ 27 ಅಡಿಗೆ ಒಂದು ಅಡಿ. ಸಾವಿರ ಮೈಲಿ ನಡೆದು ಸೊರಗಿದ ಎತ್ತುಗಳಿಗೆ ಎರಡು ಬೆಟ್ಟ ಹತ್ತಿ ಇಳಿಯುವುದಕ್ಕೂ ಇದಕ್ಕೂ ಅಜಗಜಾಂತರ.

ಬೆಟ್ಟ ಹತ್ತುವುದೆಂದರೆ ಎಷ್ಟು ಕೆಲಸ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಬಿಗ್ ಮೌಂಟನ್‌ನಂಥ ಏರಿನಲ್ಲಿ ಒಂದು ಗಾಡಿಯ ಎತ್ತುಗಳು ಸಾಲುವುದಿಲ್ಲ. ಎರಡು ಗಾಡಿಯ ಎತ್ತುಗಳನ್ನು ಒಂದಕ್ಕೇ ಕಟ್ಟಿ ಮೇಲೆಳೆದು, ಎತ್ತುಗಳನ್ನು ಬಿಚ್ಚಿ ಕೆಳಗೆ ಹೊಡೆದುಕೊಂಡು ಬಂದು, ಎರಡನೆಯ ಗಾಡಿಗೆ ಕಟ್ಟಿ ಮತ್ತೆ ಎಳೆಸಬೇಕು. ಗಾಡಿ ಒಂದು ಸಲ ಹತ್ತಿದರೂ ಎತ್ತು ಆ ಬೆಟ್ಟವನ್ನು ಎರಡು ಸಲ ಹತ್ತಿ ಒಂದು ಸಲ ಇಳಿದಿರುತ್ತದೆ. ಸಮತಟ್ಟು ನೆಲದಲ್ಲಿ ದಿನಕ್ಕೆ ಹದಿನೈದು ಮೈಲಿ ನಡೆಯುವ ಗಾಡಿ ಇಂಥ ಕಡೆ ನಾಲ್ಕೈದು ಮೈಲಿ ಸರಿದರೆ ಹೆಚ್ಚು.

ರಸ್ತೆ ಕಡಿಯುವ ಕೆಲಸ 1849ರ ಬೇಸಿಗೆಯಲ್ಲಿ ಆರಂಭವಾಯಿತು. ಆ ಚಳಿಗಾಲದಲ್ಲಿ ಪ್ರಾಟ್ ದಕ್ಷಿಣ ಯೂಟಾವನ್ನು ಶೋಧಿಸುವ ತಂಡದ ಮುಂದಾಳಾಗಿ ಹೋದದ್ದರಿಂದ ಉಳಿದ ಕೆಲಸ 1850ರ ವಸಂತದಲ್ಲಿ ನಡೆಯಿತು. ಅಂದಿನ ಗುಡ್ಡಗಾಡು ರಸ್ತೆಗಳ ಸಾಮಾನು ಏನೆಂದರೆ ಕೊಡಲಿ, ಪಿಕಾಸಿ, ಗುದ್ದಲಿ, ಹಾರೆ, ಸರಪಳಿ, ನೇಗಿಲು ಮತ್ತು ಎತ್ತು. ಇಳಿಜಾರಿನ ಮಗ್ಗುಲಲ್ಲಿ ದಾರಿ ಕೊರೆಯಬೇಕಾದರೆ ಮೊದಲು ನೇಗಿಲಿನಿಂದ ಅಡ್ಡಸಾಲು ಹೊಡೆದು ಮಣ್ಣು ಸಡಿಲಿಸಿ, ಆ ಮಣ್ಣನ್ನು ಕೆಳಮಗ್ಗುಲಿಗೆ ಎಳೆದು ಹಾಸುತ್ತಿದ್ದರು. ಒಳಗಿನ ಚಕ್ರ ಕಡಿದ ಗಟ್ಟಿ ನೆಲದ ಮೇಲೆ, ಹೊರಗಿನ ಚಕ್ರ ತುಂಬಿದ ಸಡಿಲ ಮಣ್ಣಿನ ಮೇಲೆ. ತಪ್ಪುವುದು ಇಲ್ಲಿಯೇ. ಒಂದು ಮಳೆ ಬಿದ್ದರೆ ಹೊರಗಿನ ಮಣ್ಣು ಕುಸಿಯುತ್ತದೆ, ದಾರಿ ಹಳ್ಳದ ಕಡೆಗೆ ವಾಲುತ್ತದೆ. ಬಟ್ಟೆಯ ಮಾಡು ಹೊತ್ತ ಎತ್ತರದ ಗಾಡಿ ವಾಲಿದ ದಾರಿಯಲ್ಲಿ ಮಗುಚುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅಂಥ ಕಡೆ ಮೇಲ್ಮಗ್ಗುಲಿಗೆ ಹಗ್ಗ ಕಟ್ಟಿ ನಾಲ್ಕಾರು ಜನ ಹಿಡಿದು ನಡೆಸಬೇಕು. ಒಳ್ಳೆಯ ಕೆಲಸಗಾರರು ಆರಂಭದಲ್ಲೇ ದಾರಿಯನ್ನು ಬೆಟ್ಟದ ಕಡೆಗೆ ಸ್ವಲ್ಪ ವಾಲಿಸಿ, ಒಳಬದಿಗೆ ನೀರು ಹರಿಯಲು ಚರಂಡಿ ಬಿಡುತ್ತಿದ್ದರು. ತೇವದ ಕಡೆ ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಒತ್ತೊತ್ತಾಗಿ ಹಾಸುತ್ತಿದ್ದರು. ಎಲುಬು ಅಲುಗಿಸುವ ದಾರಿ ಅದು, ಆದರೆ ಚಕ್ರ ಹೂಳುವುದಿಲ್ಲ.

ತಿರುವುಗಳ ತೊಂದರೆ ಬೇರೆ ಬಗೆಯದು. ಮೂರು ಜೋಡಿ ಎತ್ತು ಕಟ್ಟಿದ ಗಾಡಿ ತುದಿಯಿಂದ ತುದಿಗೆ ನಲವತ್ತು ಅಡಿಗೂ ಮೀರುತ್ತದೆ. ಮುಂದಿನ ಜೋಡಿ ತಿರುವು ದಾಟಿದ ಮೇಲೆ ಅದರ ಸರಪಳಿ ತಿರುವನ್ನು ಬಳಸುವುದಿಲ್ಲ, ನೇರಕ್ಕೇ ಜಗ್ಗುತ್ತದೆ. ಗಾಡಿಯ ಮೂಗು ಒಳಮೂಲೆಯ ಬಂಡೆಗೋ ಹಳ್ಳಕ್ಕೋ ಎಳೆದುಕೊಳ್ಳುತ್ತದೆ. ಹೀಗಾಗಿ ಕಿರಿದಾದ ತಿರುವಿನಲ್ಲಿ ಮುಂದಿನ ಜೋಡಿಗಳನ್ನು ಬಿಚ್ಚಿ, ಮೂಕಿಗೆ ಕಟ್ಟಿದ ಜೋಡಿಯಿಂದಷ್ಟೇ ದಾಟಿಸಬೇಕು. ಇದನ್ನು ತಪ್ಪಿಸಬೇಕೆಂದರೆ ತಿರುವನ್ನು ಅಗಲ ಮಾಡಬೇಕು. ಅಗಲ ಮಾಡಬೇಕೆಂದರೆ ಬಂಡೆ ಒಡೆಯಬೇಕು. ಬಂಡೆ ಒಡೆಯುವುದಕ್ಕಿಂತ ದಾರಿಯನ್ನು ಹಳ್ಳದ ಆಚೆ ದಡಕ್ಕೆ ದಾಟಿಸುವುದು ಅಗ್ಗ. ಕಣಿವೆಯ ಹಳ್ಳ ಒಮ್ಮೆ ಎಡಗೋಡೆಗೆ, ಒಮ್ಮೆ ಬಲಗೋಡೆಗೆ ಒರಗಿಕೊಂಡು ಹರಿಯುವುದರಿಂದ ದಾರಿಯೂ ಹಾಗೆಯೇ ಆಚೆಗೊಮ್ಮೆ ಈಚೆಗೊಮ್ಮೆ ಹಾರುತ್ತದೆ. ಎಮಿಗ್ರೇಶನ್ ಕಣಿವೆಯ 19 ದಾಟುಗಳಿಗೆ ಇದೇ ಕಾರಣ.

ಇಳಿತ ಸುಲಭ ಎಂದುಕೊಂಡರೆ ತಪ್ಪು. ಅಂದಿನ ಬಹಳಷ್ಟು ವಲಸೆ ಗಾಡಿಗಳಿಗೆ ಬ್ರೇಕ್ ಇರಲಿಲ್ಲ. ಒಂದು ಟನ್ ಹೊತ್ತ ಗಾಡಿ ಎತ್ತಿನ ಹಿಂಗಾಲಿಗೆ ನುಗ್ಗದಂತೆ ತಡೆಯಲು ಹಿಂದಿನ ಚಕ್ರವನ್ನು ಸರಪಳಿಯಿಂದ ಗಾಡಿಯ ಮೈಗೆ ಬಿಗಿಯುತ್ತಿದ್ದರು. ಚಕ್ರ ಉರುಳದೆ ಜಾರುತ್ತದೆ. ಇನ್ನೂ ಕಡಿದಾದರೆ ಸರಪಳಿಯನ್ನು ಚಕ್ರದ ಅಂಚಿಗೇ, ನೆಲಕ್ಕೆ ತಾಗುವ ಜಾಗದಲ್ಲಿ ಸುತ್ತುತ್ತಿದ್ದರು. ಅದು ನೆಲವನ್ನು ಉಳುತ್ತ ಹಿಡಿಯುತ್ತದೆ. ಅದೂ ಸಾಲದಿದ್ದರೆ ಕೊಂಬೆಗಳಿದ್ದ ಇಡೀ ಮರವನ್ನು ಕಡಿದು ಹಿಂದೆ ಕಟ್ಟಿ ಎಳೆಯುವುದು. ಗಾಡಿಗೆ ಇವೆಲ್ಲ ಒಳ್ಳೆಯದೇ. ರಸ್ತೆಗೆ? ಜಾರುವ ಚಕ್ರ ಹಾದುಹೋದಷ್ಟೂ ಗಾಲಿಜಾಡು ಆಳವಾಗುತ್ತದೆ. ಮುಂದಿನ ಮಳೆಯ ನೀರಿಗೆ ಅದೇ ಕಾಲುವೆ. ಸುಂಕ ಕಟ್ಟಿದ ಗಾಡಿಯೇ ಸುಂಕದ ರಸ್ತೆಯನ್ನು ಅಗೆದು ಹಾಕುತ್ತಿತ್ತು.

ಇನ್ನೊಂದು ತೊಂದರೆ ಗಾಳಿಯದು. ಮಿಸಿಸಿಪ್ಪಿ ಕಡೆಯ ಆರ್ದ್ರ ಹವೆಯಲ್ಲಿ ಮಾಡಿದ ಚಕ್ರ ಈ ಒಣಗಾಳಿಗೆ ಬಂದಾಗ ಮರ ಕುಗ್ಗುತ್ತದೆ, ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ. ರಾತ್ರಿ ಚಕ್ರವನ್ನು ಹಳ್ಳದಲ್ಲಿ ನೆನೆಹಾಕಿದರೆ ಮರ ಉಬ್ಬಿ ಬೆಳಿಗ್ಗೆಗೆ ಬಿಗಿಯಾಗುತ್ತದೆ, ಆದರೆ ಒಂದೆರಡು ದಿನಕ್ಕೆ ಮಾತ್ರ. ಆಮೇಲೆ ಪಟ್ಟಿಗೂ ಮರಕ್ಕೂ ನಡುವೆ ಬೆಣೆ ಹೊಡೆಯಬೇಕು. ಬೆಣೆ ಹೊಡೆದ ಚಕ್ರ ಕಲ್ಲುಗುಂಡುಗಳ ಹಳ್ಳದಲ್ಲಿ ಪದೇಪದೇ ಇಳಿದು ಹತ್ತಿದರೆ ಅರೆಕಾಲುಗಳು ಕಳಚಿಕೊಳ್ಳುವುದು ಹೊಸದೇನಲ್ಲ. ಹಳ್ಳ ದಾಟುವುದು ಕಡಿಮೆಯಾದಷ್ಟೂ ಚಕ್ರ ಉಳಿಯುತ್ತದೆ ಎಂಬ ಲೆಕ್ಕ ಗಾಡಿಯವರಿಗೆ ಬಾಯಿಪಾಠವಾಗಿತ್ತು.

ಈಗ ಸುಂಕ. 1850ರ ಜೂನ್ ಕೊನೆಗೆ ಸಾಲ್ಟ್ ಲೇಕ್‌ನ ಪತ್ರಿಕೆಯಲ್ಲಿ ಪ್ರಾಟ್ ಪ್ರಕಟಿಸಿದ ದರ ಹೀಗಿದೆ: ಒಂದು ಪ್ರಾಣಿ ಎಳೆಯುವ ಗಾಡಿಗೆ 50 ಸೆಂಟ್; ಎರಡು ಪ್ರಾಣಿ ಎಳೆಯುವ ಗಾಡಿಗೆ 75 ಸೆಂಟ್; ಅದಕ್ಕಿಂತ ಹೆಚ್ಚಿನ ಒಂದೊಂದು ಎಳೆಯುವ, ಹೊರುವ ಅಥವಾ ಸವಾರಿಯ ಪ್ರಾಣಿಗೆ 10 ಸೆಂಟ್; ಬಿಡಿ ದನಕ್ಕೆ ತಲೆಗೆ 5 ಸೆಂಟ್; ಕುರಿಗೆ 1 ಸೆಂಟ್. ಸರಾಸರಿ ಗಾಡಿಗೆ ಒಂದು ಡಾಲರ್ ಆಗುತ್ತದೆ ಎಂದೂ ಅವರೇ ಬರೆದಿದ್ದಾರೆ. ಮೂರು ಜೋಡಿ ಎತ್ತಿನ ಗಾಡಿಯನ್ನು ತೆಗೆದುಕೊಳ್ಳಿ. ಮೊದಲ ಜೋಡಿಗೆ 75, ಉಳಿದ ನಾಲ್ಕು ಎತ್ತಿಗೆ 40, ಹಿಂದೆ ಎರಡು ಹಸು ಬರುತ್ತಿದ್ದರೆ 10. ಒಟ್ಟು 1 ಡಾಲರ್ 25 ಸೆಂಟ್. ಎರಡು ಕುದುರೆಯ ಹಗುರ ಗಾಡಿ ಬರೀ 75 ಸೆಂಟಿಗೆ ದಾಟುತ್ತದೆ. ಸರಾಸರಿ ಒಂದು ಡಾಲರ್ ಎಂದದ್ದು ಉತ್ಪ್ರೇಕ್ಷೆಯಲ್ಲ.

ತೂಕ ನೋಡದೆ ಪ್ರಾಣಿ ಎಣಿಸಿದ್ದು ಜಾಣತನ. ಕಣಿವೆಯಲ್ಲಿ ಗಾಡಿ ತೂಗಲು ತಕ್ಕಡಿ ಎಲ್ಲಿಂದ ಬರಬೇಕು? ಎತ್ತು ಹೆಚ್ಚಿದಷ್ಟೂ ಹೊರೆ ಹೆಚ್ಚು ಎಂಬ ಅಂದಾಜು ಸಾಕು, ವಾದಕ್ಕೆ ಆಸ್ಪದವೂ ಕಡಿಮೆ. ಇಂಗ್ಲೆಂಡಿನ ಸುಂಕದ ರಸ್ತೆಗಳಲ್ಲಿ ಅಗಲ ಪಟ್ಟಿಯ ಚಕ್ರಕ್ಕೆ ರಿಯಾಯಿತಿ ಇತ್ತು, ಏಕೆಂದರೆ ಕಿರಿದಾದ ಪಟ್ಟಿ ರಸ್ತೆಯನ್ನು ಕೊರೆಯುತ್ತದೆ. ಪ್ರಾಟ್ ಅವರ ದರದಲ್ಲಿ ಅದು ಇಲ್ಲ, ಇದ್ದರೂ ಪ್ರಯೋಜನವಾಗುತ್ತಿರಲಿಲ್ಲ: ಸಾವಿರ ಮೈಲಿ ಹಿಂದೆ ಮಾಡಿಸಿದ ಚಕ್ರವನ್ನು ಸುಂಕದಕಟ್ಟೆಯಲ್ಲಿ ಯಾರೂ ಬದಲಿಸುವುದಿಲ್ಲ.

ಒಂದು ಡಾಲರ್ ಆ ಕಾಲಕ್ಕೆ ಸಣ್ಣ ಮೊತ್ತವಲ್ಲ. ಆದರೂ ವಲಸೆ ದಾರಿಯ ಇತರ ಖರ್ಚುಗಳ ಮುಂದೆ ವಿಪರೀತವೂ ಅಲ್ಲ. 1847ರಲ್ಲಿ ನಾರ್ತ್ ಪ್ಲಾಟ್ ನದಿಯಲ್ಲಿ ಮಾರ್ಮನ್ನರು ನಡೆಸಿದ ದೋಣಿಗೆ ಗಾಡಿಯೊಂದಕ್ಕೆ ಒಂದೂವರೆ ಡಾಲರ್ ಕೊಡಬೇಕಿತ್ತು, ಅದನ್ನೂ ಹಿಟ್ಟಿನ ರೂಪದಲ್ಲಿ ತೆಗೆದುಕೊಳ್ಳುತ್ತಿದ್ದರು. ದೋಣಿ ಒಂದು ನದಿ ದಾಟಿಸಿತು. ಗೋಲ್ಡನ್ ಪಾಸ್ ಎರಡು ಬೆಟ್ಟ ತಪ್ಪಿಸಿತು. ಮೊದಲು ದಾಟಿದವರು ಇಲಿನಾಯ್ ರಾಜ್ಯದ ಕೆಂಡಾಲ್ ಕೌಂಟಿಯಿಂದ ಬಂದ 'ನ್ಯೂವಾರ್ಕ್ ರೇಂಜರ್ಸ್' ಎಂಬ ತಂಡದವರು.

ಸುಂಕ ತಪ್ಪಿಸಿಕೊಂಡು ಹೋಗಲಾಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಬಯಲಿನ ಸುಂಕದ ರಸ್ತೆಗಳಿಗೆಲ್ಲ ಇದೇ ರೋಗ. ಕಟ್ಟೆಯ ಮುಂಚೆ ಹೊಲಕ್ಕೆ ಇಳಿದು, ಆಚೆ ಹತ್ತಿಕೊಳ್ಳುತ್ತಾರೆ. ಕಣಿವೆಯಲ್ಲಿ ಅದು ಆಗದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಹಳ್ಳ. ನಡುವೆ ಒಂದು ಅಡ್ಡಗಂಬ ಇಟ್ಟರೆ ಆಯಿತು. ಗಾಡಿ ಹಿಂದಕ್ಕೆ ತಿರುಗಿಸಲೂ ಜಾಗವಿರುವುದಿಲ್ಲ. ಸುಂಕದ ರಸ್ತೆಗೆ ಕಣಿವೆಯಷ್ಟು ಹೇಳಿಮಾಡಿಸಿದ ಜಾಗ ಬೇರೆ ಇಲ್ಲ.

ಅಂದಮೇಲೆ ಲಾಭವಾಗಬೇಕಿತ್ತಲ್ಲ? ಲೆಕ್ಕ ನೋಡಿ. ರಸ್ತೆ ತೆರೆಯುವ ಹೊತ್ತಿಗೇ ಹಲವು ಸಾವಿರ ಡಾಲರ್ ಖರ್ಚಾಗಿದೆ, ದಾರಿ ಇನ್ನೂ ಒರಟಾಗಿದೆ, ದಿನದಿನವೂ ಸರಿಮಾಡುತ್ತಿದ್ದೇವೆ ಎಂದು ಪ್ರಾಟ್ ಅದೇ ಜಾಹೀರಾತಿನಲ್ಲಿ ಹೇಳಿಕೊಂಡಿದ್ದರು. ವಸೂಲಾದದ್ದು 1,500 ಡಾಲರ್. ಗಾಡಿಗೆ ಒಂದು ಡಾಲರ್ ಎಂದರೆ ಹೆಚ್ಚೂಕಡಿಮೆ ಸಾವಿರದ ಐನೂರು ಗಾಡಿ. ಅದೂ ಎಂಥ ವರ್ಷದಲ್ಲಿ? 1850ರಲ್ಲಿ ಭೂಮಾರ್ಗವಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದವರು ಸುಮಾರು 44,000. ಚಿನ್ನದ ಓಟದ ಅತಿ ದಟ್ಟಣೆಯ ವರ್ಷಗಳಲ್ಲಿ ಅದೂ ಒಂದು. ಅಂಥ ವರ್ಷದಲ್ಲೂ ಕಡಿಸಿದ ಖರ್ಚು ಹುಟ್ಟಲಿಲ್ಲ. ಮರುವರ್ಷ, 1851ರಲ್ಲಿ, ಆ ಸಂಖ್ಯೆ ಸುಮಾರು 1,100ಕ್ಕೆ ಕುಸಿಯಿತು. ಸುಂಕದ ರಸ್ತೆಯ ಮಾಲೀಕನಿಗೆ ಇದಕ್ಕಿಂತ ಕೆಟ್ಟ ಅಂಕಿ ಇರಲಾರದು. ಪ್ರಾಟ್ ಅಷ್ಟರಲ್ಲಿ ಹಕ್ಕು ಮಾರಿಬಿಟ್ಟಿದ್ದರು. ಆ ಹಣದಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೂ ಅಲ್ಲಿಂದ ಚಿಲಿ ದೇಶಕ್ಕೂ ಹೋದರು. 1857ರಲ್ಲಿ ಅರ್ಕನ್ಸಾದಲ್ಲಿ ಕೊಲೆಯಾದರು.

ವರ್ಷದ ಚಕ್ರವೂ ಅವರಿಗೆ ವಿರುದ್ಧವಾಗಿತ್ತು. ಮೇ ಮತ್ತು ಜೂನ್‌ನಲ್ಲಿ ಹಿಮ ಕರಗಿ ಹಳ್ಳ ಉಕ್ಕುತ್ತದೆ. ದಿಮ್ಮಿಯ ಸಂಕ, ತುಂಬಿದ ಮಣ್ಣು, ದಡ ಎಲ್ಲ ಕೊಚ್ಚಿಹೋಗುತ್ತವೆ. ಮಳೆಗಾಲ ಮುಗಿದ ಮೇಲೆ ಶಿರಾಡಿ ಘಾಟಿ ಹತ್ತಿದವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ. ಚಿನ್ನಕ್ಕೆ ಹೊರಟವರ ಗಾಡಿಗಳು ಹೆಚ್ಚಾಗಿ ಬರುವುದು ಜುಲೈನಿಂದ. ಅಂದರೆ ಪ್ರತಿವರ್ಷ ಒಂದು ಸೆಂಟ್ ಕೈಗೆ ಬರುವ ಮುಂಚೆಯೇ ಅರ್ಧ ರಸ್ತೆಯನ್ನು ಮತ್ತೆ ಕಟ್ಟಬೇಕು. ಸೆಪ್ಟೆಂಬರ್ ಮುಗಿದರೆ ಗಿರಾಕಿಗಳಿಲ್ಲ. ಬಂದವರು ಕೂಡ ಒಂದೇ ದಿಕ್ಕಿಗೆ, ಜೀವನದಲ್ಲಿ ಒಂದೇ ಸಲ ಹೋಗುವವರು. ಇನ್ನು ಮಾರ್ಮನ್ ವಲಸಿಗರ ತಂಡಗಳು 1850ರ ದಶಕದುದ್ದಕ್ಕೂ ಬಹುತೇಕ ಹಳೆಯ ಬಿಗ್ ಮೌಂಟನ್ ದಾರಿಯನ್ನೇ ಹಿಡಿದವು. ಅದು ತುಸು ಹತ್ತಿರವೂ ಹೌದು, ಪುಕ್ಕಟೆಯೂ ಹೌದು. ಮನೆಯವರೇ ಬಾರದ ಅಂಗಡಿ ಎಷ್ಟು ದಿನ ನಡೆದೀತು?

ಅಮೆರಿಕದ ಪಶ್ಚಿಮದ ಉಳಿದ ಸುಂಕದ ರಸ್ತೆಗಳ ಪಕ್ಕ ಇಟ್ಟು ನೋಡಿದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಓರೆಗಾನ್‌ನಲ್ಲಿ ಸ್ಯಾಮ್ಯುಯೆಲ್ ಬಾರ್ಲೋ ಮೌಂಟ್ ಹುಡ್‌ನ ಮಗ್ಗುಲಲ್ಲಿ 1846ರಲ್ಲಿ ತೆರೆದ ರಸ್ತೆಗೆ ಗಾಡಿಗೆ 5 ಡಾಲರ್, ದನಕ್ಕೆ 10 ಸೆಂಟ್. ಮೊದಲ ವರ್ಷ ದಾಟಿದ್ದು 145 ಗಾಡಿ. ಕೈಯಲ್ಲಿ ಕಾಸಿಲ್ಲದೆ ಸಾಲಪತ್ರ ಬರೆದುಕೊಟ್ಟು ದಾಟಿದವರೂ ಇದ್ದರು. ಬಾರ್ಲೋ ಎರಡೇ ವರ್ಷಕ್ಕೆ ಕೈಬಿಟ್ಟರು. ಆದರೆ ಆ ದಾರಿಯಲ್ಲಿ ಆಮೇಲೆ ಪೂರ್ವ ಓರೆಗಾನ್‌ಗೆ ದನ ಹೊಡೆದುಕೊಂಡು ಹೋಗುವ ವ್ಯಾಪಾರ ಶುರುವಾಗಿ, ಬೇರೆಬೇರೆ ಮಾಲೀಕರ ಕೈಯಲ್ಲಿ ಸುಂಕ 20ನೇ ಶತಮಾನದವರೆಗೂ ನಡೆಯಿತು. ಕೊಲರಾಡೋ ಮತ್ತು ನ್ಯೂ ಮೆಕ್ಸಿಕೋ ನಡುವಿನ ರಾಟನ್ ಪಾಸ್‌ನಲ್ಲಿ ರಿಚರ್ಡ್ ವುಟನ್ 27 ಮೈಲಿ ರಸ್ತೆ ಮಾಡಿ, 1860ರ ದಶಕದ ಮಧ್ಯದಿಂದ ಗಾಡಿಗೆ ಒಂದೂವರೆ ಡಾಲರ್ ವಸೂಲಿ ಮಾಡಿದರು; ಅಲ್ಲಿನ ಮೂಲನಿವಾಸಿಗಳಿಂದ ಮಾತ್ರ ಏನೂ ಕೇಳುತ್ತಿರಲಿಲ್ಲ, ಕೇಳಿದರೆ ಆಗುವ ಜಗಳ ಸುಂಕಕ್ಕಿಂತ ದುಬಾರಿ. ಅದು ವ್ಯಾಪಾರದ ಗಾಡಿಗಳು ಎರಡೂ ಕಡೆಗೆ ಓಡಾಡುವ ದಾರಿ. ರೈಲು ಬರುವ ತನಕ ಒಂದು ದಶಕಕ್ಕೂ ಹೆಚ್ಚು ಕಾಲ ನಡೆಯಿತು.

ಈ ವ್ಯವಹಾರವನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಆಟೋ ಮಿಯರ್ಸ್. ಕೊಲರಾಡೋದ ಸ್ಯಾನ್ ವಾನ್ ಬೆಟ್ಟಗಳಲ್ಲಿ ಅವರು ಒಟ್ಟು ಸುಮಾರು 450 ಮೈಲಿ ಸುಂಕದ ರಸ್ತೆಗಳನ್ನು ಮಾಡಿಸಿದರು. 1880ರ ದಶಕದಲ್ಲಿ ಯೂರೇ ಊರಿನ ಮೇಲಿನ ಅನ್‌ಕಂಪಾಗ್ರೆ ಕಂದರದಲ್ಲಿ ಕಡಿಸಿದ್ದು ಅವುಗಳಲ್ಲಿ ಹೆಸರಾದದ್ದು. ಬೇರ್ ಕ್ರೀಕ್ ಜಲಪಾತದ ಮೇಲಿನ ಸೇತುವೆಯಲ್ಲಿ ಸುಂಕದ ಬಾಗಿಲು ಇಟ್ಟರು; ಮೇಲೂ ಕೆಳಗೂ ಕಡಿದಾದ ಬಂಡೆ, ಸುತ್ತಿಕೊಂಡು ಹೋಗಲು ಮೇಕೆಗೂ ದಾರಿಯಿಲ್ಲ. ಗಾಡಿಗೆ 5 ಡಾಲರ್. ಗಿರಾಕಿಗಳು ಗಣಿಗಳು: ಕೆಳಗೆ ಬೆಳ್ಳಿಯ ಅದಿರು, ಮೇಲೆ ಹಿಟ್ಟು, ಕಲ್ಲಿದ್ದಲು, ಯಂತ್ರ. ಗಣಿ ನಡೆಯುವ ತನಕ ಗಾಡಿ ನಡೆಯಲೇಬೇಕು. ಈಗಿನ 550ನೇ ಹೆದ್ದಾರಿಯ 'ಮಿಲಿಯನ್ ಡಾಲರ್ ಹೈವೇ' ಬಹುಮಟ್ಟಿಗೆ ಅದೇ ಜಾಡಿನಲ್ಲಿದೆ. ಪ್ರಾಟ್ ಅವರ ಕಣಿವೆಯ ತಲೆಯ ಮೇಲೂ ಬೆಳ್ಳಿ ಇತ್ತು. ಪಾರ್ಕ್ ಸಿಟಿಯ ಗಣಿಗಳು ಹುಟ್ಟಿದ್ದು ಅಲ್ಲಿಯೇ, ಆದರೆ ಅವರು ರಸ್ತೆ ಮಾರಿ ಎರಡು ದಶಕ ಆದ ಮೇಲೆ.

ರಸ್ತೆಯ ಮುಂದಿನ ಬಾಳು ಬೇಗ ಹೇಳಿಬಿಡಬಹುದು. 1862ರ ಹೊತ್ತಿಗೆ ಬೆನ್ ಹಾಲಡೇ ಅವರ ಓವರ್‌ಲ್ಯಾಂಡ್ ಕುದುರೆಬಂಡಿಗಳು ಟಪಾಲು ಮತ್ತು ಪ್ರಯಾಣಿಕರನ್ನು ಹೊತ್ತು ಈ ಕಣಿವೆಯಲ್ಲಿ ಓಡಾಡತೊಡಗಿದವು. ವಿಲಿಯಂ ಕಿಂಬಲ್ ಪಾರ್ಲೀಸ್ ಪಾರ್ಕಿನಲ್ಲಿ ತಂಗುದಾಣ ಕಟ್ಟಿದರು. 1869ರ ಮೇ 10ರಂದು ಖಂಡವನ್ನು ಅಡ್ಡ ದಾಟುವ ರೈಲುಮಾರ್ಗ ಕೂಡಿಕೊಂಡ ಮೇಲೆ ದೂರದ ಗಾಡಿಗಳು ನಿಂತವು. ಆ ರೈಲು ಎಕೋ ಮತ್ತು ವೀಬರ್ ಕಣಿವೆಗಳಲ್ಲಿ ಬಂತು, ಪಾರ್ಲೀಸ್‌ನಲ್ಲಿ ಅಲ್ಲ. 1890ರಲ್ಲಿ ಪಾರ್ಕ್ ಸಿಟಿಗೆ ಈ ಕಣಿವೆಯಲ್ಲೇ ಸಣ್ಣ ಗೇಜಿನ ರೈಲು ಹಾಕಿದರು. ಮುಂದೆ ಲಿಂಕನ್ ಹೆದ್ದಾರಿ ಇದೇ ದಾರಿ ಹಿಡಿಯಿತು, ಆಮೇಲೆ 40ನೇ ಹೆದ್ದಾರಿ, ಕೊನೆಗೆ 80. ಕಣಿವೆಯ ನೆಲ ಇಕ್ಕಟ್ಟಾದ್ದರಿಂದ ಒಂದೊಂದು ಪೀಳಿಗೆಯ ರಸ್ತೆಯೂ ಹಿಂದಿನದನ್ನು ನುಂಗಿಕೊಂಡೇ ಬೆಳೆಯಿತು.

ಹಾಗಾಗಿ ಹೆದ್ದಾರಿಯಲ್ಲಿ ನಿಂತು 1850ರ ಗಾಲಿಜಾಡು ಹುಡುಕಬೇಡಿ. 150ನೇ ಎಕ್ಸಿಟ್‌ನ ಫಲಕದಲ್ಲಿ 'ಟೋಲ್‌ಗೇಟ್' ಎಂಬ ಹೆಸರು ಕಾಣುತ್ತದೆ, ಅದನ್ನು ನೋಡಿ ಪ್ರಾಟ್ ಅವರ ಕಟ್ಟೆ ಅಲ್ಲೇ ಇತ್ತೆಂದು ತೀರ್ಮಾನಿಸಬೇಡಿ. ಸ್ಥಳನಾಮ ಒಂದು ಸುಳಿವು, ಪುರಾವೆಯಲ್ಲ. ನೆಲವನ್ನು ಅರ್ಥ ಮಾಡಿಕೊಳ್ಳಲು ಅರ್ಧ ದಿನದ ಸುತ್ತು ಸಾಕು. ನಗರದ ಪೂರ್ವದ ಅಂಚಿನಲ್ಲಿ, ಮೃಗಾಲಯದ ಹತ್ತಿರ, ಎಮಿಗ್ರೇಶನ್ ಕಣಿವೆಯ ಬಾಯಲ್ಲಿ ಮೊದಲು ಡಾನರ್ ದಿಬ್ಬ ನೋಡಿ. ಅಲ್ಲಿಂದ ಕಣಿವೆಯ ರಸ್ತೆಯಲ್ಲಿ ಲಿಟಲ್ ಮೌಂಟನ್ ಹತ್ತಿ ಆಚೆ ಇಳಿದರೆ ಲಿಟಲ್ ಡೆಲ್ ಜಲಾಶಯದ ಬಳಿ ರಾಜ್ಯ ರಸ್ತೆ 65 ಸೇರುತ್ತೀರಿ. ಎಡಕ್ಕೆ ತಿರುಗಿ ಬಿಗ್ ಮೌಂಟನ್ ತುದಿಗೆ ಹೋಗಿ. ಅಲ್ಲಿ ನಿಂತು ಪಶ್ಚಿಮದ ಇಳಿಜಾರನ್ನು ನೋಡಿದರೆ ಗಾಡಿಯ ಎರಡೂ ಹಿಂದಿನ ಚಕ್ರ ಬಿಗಿದು ಇಳಿಸಿದ್ದೇಕೆಂದು ಯಾರೂ ವಿವರಿಸಬೇಕಿಲ್ಲ. ವಾಪಸು ಬರುವಾಗ ಅದೇ 65ರಲ್ಲಿ ನೇರ ಕೆಳಗಿಳಿದರೆ 134ನೇ ಎಕ್ಸಿಟ್‌ನಲ್ಲಿ 80ಕ್ಕೆ ಸೇರುತ್ತೀರಿ. ಅಲ್ಲಿಂದ ನಗರಕ್ಕೆ ಬರುವ ಆರೇಳು ಮೈಲಿ ಪ್ರಾಟ್ ಕಡಿಸಿದ ಕಣಿವೆ. ಹತ್ತಿದ ದಾರಿ ಮತ್ತು ಇಳಿದ ದಾರಿ, ಎರಡನ್ನೂ ಒಂದೇ ದಿನ ಕಂಡಂತಾಗುತ್ತದೆ. 65ನೇ ರಸ್ತೆಯ ಬಿಗ್ ಮೌಂಟನ್ ಭಾಗವನ್ನು ಚಳಿಗಾಲದಲ್ಲಿ, ಹೆಚ್ಚಾಗಿ ನವೆಂಬರ್‌ನಿಂದ ಮೇ ತನಕ, ಮುಚ್ಚಿರುತ್ತಾರೆ. ಹೊರಡುವ ಮುಂಚೆ ಮಗಳಿಗೆ ಹೇಳಿ ರಾಜ್ಯದ ಸಾರಿಗೆ ಇಲಾಖೆಯ ಮಾಹಿತಿ ನೋಡಿಸಿಕೊಳ್ಳಿ.